ಬಿಸಿನೆಸ್ ಎಂದು ಬರೆದ ಕೈ

ಹನ್ನೆರಡು ಕಿಲೋ ಡಂಬೆಲ್. ಅಷ್ಟೇ.

ಆ ಹೊತ್ತಿಗೆ ನಾನು ನೆಲದಿಂದ ನೂರ ಮೂವತ್ತು ಕಿಲೋ ಎತ್ತುತ್ತಿದ್ದವನು. ರ‍್ಯಾಕ್‌ನಿಂದ ಹನ್ನೆರಡು ಕಿಲೋ ತೆಗೆಯಲು ಕೈ ಹಾಕಿದೆ. ಬಲಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟು ದಾಟಿ ಎರಡು ಬೆರಳಗಲ ಮೇಲಕ್ಕೆ, ಕಾದ ಸಟ್ಟುಗದ ಅಂಚು ಎಳೆದ ಹಾಗಾಯಿತು. ಡಂಬೆಲ್ ಜಾರಿ ರಬ್ಬರ್ ನೆಲದ ಮೇಲೆ ಬಿತ್ತು. ಕಾಲಿನ ಮೇಲೆ ಬೀಳಲಿಲ್ಲ, ಅದೇ ಪುಣ್ಯ. ಟ್ರೈನರ್ ದಿನೇಶ್ ಓಡಿ ಬಂದವನು ಮೊದಲು ಡಂಬೆಲ್‌ಗೆ ಏನಾದರೂ ಆಯಿತೇ ಎಂದು ನೋಡಿದ. ಆಮೇಲೆ ನನ್ನನ್ನು ನೋಡಿದ.

ನನಗೆ ನಲವತ್ತಾರು. ಊರು ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದು ಚೆನ್ನೈ. ಮೈಲಾಪೂರ್‌ನಲ್ಲಿ ಅಪ್ಪ ಹಾಕಿದ ಒಂದು ಸಣ್ಣ ಸಸ್ಯಾಹಾರಿ ಹೋಟೆಲ್ ಈಗ ನನ್ನದು. ಮೂರು ವರ್ಷದ ಹಿಂದೆ ಶುಗರ್ ಬಂತು. ಮಾತ್ರೆ ಬರೆದ ಡಾಕ್ಟರು ವ್ಯಾಯಾಮ ಮಾಡಿ ಎಂದರು. ಮಗಳು ಶ್ರಾವ್ಯ ಬೀದಿಯ ತುದಿಯ ಜಿಮ್‌ಗೆ ನನ್ನ ಹೆಸರು ಬರೆಸಿದಳು. ನಾಲ್ಕು ದಿನ ಹೋಗಿ ಬಿಡುತ್ತೇನೆ ಎಂದುಕೊಂಡೇ ಹೋದೆ. ಬಿಡಲಿಲ್ಲ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ತಿಂಡಿಯವರು ಬರುವ ನಡುವೆ ಒಂದು ಗಂಟೆ ಸಿಗುತ್ತದೆ. ಆ ಗಂಟೆಯಲ್ಲಿ ನನ್ನನ್ನು ಯಾರೂ ಚಟ್ನಿ ಕೇಳುತ್ತಿರಲಿಲ್ಲ. ಬಗ್ಗಿ ಬಾರ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಎದ್ದು ನಿಲ್ಲುವುದು, ಅಷ್ಟೇ ಕೆಲಸ. ಶುಗರ್ ಇಳಿಯಿತು. ಒಂದು ಮಾತ್ರೆ ನಿಂತಿತು. ನಲವತ್ತಾರು ವರ್ಷದಲ್ಲಿ ಅಪ್ಪನದಲ್ಲದ, ಹೋಟೆಲಿನದಲ್ಲದ, ನನ್ನದೇ ಎನ್ನುವಂಥದ್ದು ಅದೊಂದೇ ಇತ್ತು.

ಅದರ ಮೇಲೇ ಎಲ್ಲರ ಕಣ್ಣು.

ಸಂಜೆ ಕೈ ಹಿಡಿದುಕೊಂಡು ಮನೆಗೆ ಹೋದಾಗ ಹೆಂಡತಿ ಜಲಜ ಮುಖ ನೋಡಿಯೇ ಕಂಡುಹಿಡಿದಳು.

"ಎಂತ ಮಾಡ್ಕಂಡ್ರಿ?"

"ಎಂತ ಇಲ್ಲ. ಸ್ವಲ್ಪ ಉಳುಕಿತ್ತ್."

"ನಾನ್ ಹೇಳ್ಳಿಲ್ಯಾ? ಈ ಪ್ರಾಯದಂಗೆ ಕಬ್ಣ ಎತ್ತೂಕ್ ಹೋಪ್ದ್ ಎಂತಕೆ? ಬೇಡ ಅಂದ್ರೆ ಕೇಂಬುದೇ ಇಲ್ಲ."

ಇದನ್ನು ಹೇಳುವಾಗ ಅವಳ ದನಿಯಲ್ಲಿ ಮರುಕಕ್ಕಿಂತ ಖುಷಿ ಹೆಚ್ಚಿತ್ತು. ಮರುದಿನ ಹೋಟೆಲಿನಲ್ಲಿ ಸಪ್ಲೈಯರಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಸುದ್ದಿ ಗೊತ್ತಾಗಿತ್ತು. ಎಲ್ಲರೂ ಮೂರು ವರ್ಷದಿಂದ ಇದಕ್ಕೇ ಕಾಯುತ್ತಿದ್ದವರಂತೆ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದು ಹೋಯಿತು.

ಅಡ್ಯಾರ್‌ನ ಒಂದು ಕ್ಲಿನಿಕ್‌ಗೆ ಹೋದೆ. ಒಳಗೆ ಬಿಡುವ ಮೊದಲು ಒಂದು ಫಾರ್ಮ್ ಕೊಟ್ಟರು. ಹೆಸರು, ವಯಸ್ಸು, ವಿಳಾಸ, ಉದ್ಯೋಗ. ಪೆನ್ನು ಹಿಡಿದರೆ ಹೆಬ್ಬೆರಳು ಚುರ್ ಎನ್ನುತ್ತಿತ್ತು. ಉದ್ಯೋಗದ ಮುಂದೆ ಯಾವಾಗಲೂ ಬರೆಯುವುದನ್ನೇ ಬರೆದೆ. ಬಿಸಿನೆಸ್.

ಇದರ ಬಗ್ಗೆ ಸ್ವಲ್ಪ ಹೇಳಬೇಕು.

ನಾನು ಹೋಟೆಲ್ ಮಾಲೀಕ ಹೌದು. ಆದರೆ ದಿನಾ ಬೆಳಿಗ್ಗೆ ಆರರಿಂದ ಹತ್ತೂವರೆವರೆಗೆ, ಸಂಜೆ ಮತ್ತೆ ಮೂರು ಗಂಟೆ ಹೊತ್ತು, ದೋಸೆ ಕಲ್ಲಿನ ಮುಂದೆ ನಿಲ್ಲುವವನೂ ನಾನೇ. ಅಪ್ಪ ನಿಂತ ಜಾಗ ಅದು. ಸಾಂಬಾರಿಗೆ, ಇಡ್ಲಿಗೆ ಜನ ಇಟ್ಟುಕೊಳ್ಳಬಹುದು, ಕಲ್ಲನ್ನು ಮಾತ್ರ ಹೊರಗಿನವರ ಕೈಗೆ ಕೊಡಕೂಡದು ಎನ್ನುವುದು ಅಪ್ಪನ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು: ಕಲ್ಲಿನ ಮುಂದೆ ನಿಲ್ಲುತ್ತೇವೆ ಎಂದು ಯಾರಿಗೂ ಹೇಳಕೂಡದು. ಕಲ್ಲಿನ ಹಿಂದಿನ ಗೋಡೆಗೆ ಒಂದು ಮೊಳೆ ಇದೆ. ಅದರಲ್ಲಿ ಇಸ್ತ್ರಿ ಮಾಡಿದ ಒಂದು ಬಿಳಿ ಶರಟು ಸದಾ ತೂಗುತ್ತಿರುತ್ತದೆ. ಊರಿನಿಂದ ನೆಂಟರು ಬಂದರು, ಹೆಣ್ಣು ಕೊಡುವವರು ಬಂದರು ಎಂದರೆ ಅಪ್ಪ ಸೊಂಟದ ಟವೆಲ್ ಬಿಚ್ಚಿ, ಬೆವರೊರೆಸಿ, ಆ ಶರಟು ತೊಟ್ಟು ಗಲ್ಲಾದ ಮೇಲೆ ಕೂರುತ್ತಿದ್ದ. ಜಲಜಳ ಅಪ್ಪ ನನ್ನನ್ನು ನೋಡಲು ಬಂದಾಗ ನಾನೂ ಹಾಗೆಯೇ ಕೂತಿದ್ದೆ. ಮಗಳ ಶಾಲೆಯ ಅರ್ಜಿಯಲ್ಲೂ, ಬ್ಯಾಂಕಿನಲ್ಲೂ ಬಿಸಿನೆಸ್ ಎಂದೇ ಬರೆದೆ. ನಮ್ಮ ಕಡೆಯ ಹೋಟೆಲಿನವರಲ್ಲಿ ಇದು ಸುಳ್ಳು ಎಂದು ಯಾರಿಗೂ ಅನ್ನಿಸುವುದಿಲ್ಲ, ನನಗೂ ಅನ್ನಿಸಿರಲಿಲ್ಲ.

ಡಾಕ್ಟರು ಫಾರ್ಮ್ ನೋಡಿದರು, ಕೈ ನೋಡಿದರು, ನನ್ನ ತೋಳು ನೋಡಿದರು. "ವೆಯ್ಟ್ ತೂಕ್ರೀಂಗಳಾ?" ಭಾರ ಎತ್ತುತ್ತೀರಾ ಎಂದು ಕೇಳಿದ್ದು. ಹೌದು ಎಂದೆ. "ಅದಾನ್ ಸಾರ್," ಅದೇ ಕಾರಣ ಎಂದು ಮುಗಿಸಿಬಿಟ್ಟರು. ಹೆಬ್ಬೆರಳಿನ ಟೆಂಡನ್ ಊದಿದೆಯಂತೆ. ಅದು ಓಡಾಡುವ ಕೊಳವೆ ಬಿಗಿದಿದೆಯಂತೆ. ಯಾವುದೋ ವಿದೇಶಿಯನ ಹೆಸರಿರುವ ಕಾಯಿಲೆ. ಆ ಹೆಸರು ನಾನು ನೆನಪಿಟ್ಟುಕೊಂಡಿಲ್ಲ, ಇಟ್ಟುಕೊಳ್ಳುವುದೂ ಇಲ್ಲ.

"ಜಿಮ್ ಬಿಟ್ಟುಬಿಡಿ. ಆಫೀಸ್ ಕೆಲಸ ತೊಂದರೆಯಿಲ್ಲ."

ನಾಲ್ಕು ನಿಮಿಷ. ನನ್ನ ಮೂರು ವರ್ಷವನ್ನು ನಾಲ್ಕು ನಿಮಿಷದಲ್ಲಿ ಎತ್ತಿ ಹೊರಗೆ ಹಾಕಿದರು.

ಹೆಬ್ಬೆರಳನ್ನೂ ಮಣಿಕಟ್ಟನ್ನೂ ಸೇರಿಸಿ ಕಟ್ಟುವ ಒಂದು ಸ್ಪ್ಲಿಂಟ್, ಹಚ್ಚಲು ಜೆಲ್, ಐದು ದಿನದ ಮಾತ್ರೆ ಕೊಟ್ಟರು. ಜಿಮ್ ಬಿಟ್ಟೆ. ದಿನೇಶ್‌ಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಹೆಬ್ಬೆರಳನ್ನು ಬಾರ್‌ಗೂ ಬೆರಳುಗಳಿಗೂ ನಡುವೆ ಸಿಕ್ಕಿಸಿ ಹಿಡಿಯಲು ಕಲಿಸಿದವನು ಅವನೇ. ಹುಕ್ ಗ್ರಿಪ್ ಎನ್ನುತ್ತಾರೆ. ನಿನ್ನ ಹುಕ್ಕಿಗೆ ಬೆಂಕಿ ಬೀಳಲಿ ಎಂದೆ. ಪಾಪ, "ಸಾರಿ ಅಣ್ಣಾ, ಸಾರಿ ಅಣ್ಣಾ" ಎನ್ನುತ್ತಲೇ ಇದ್ದ.

ಈಗ ನನ್ನ ದಡ್ಡತನ ನೋಡಿ. ಸ್ಪ್ಲಿಂಟ್ ಇಪ್ಪತ್ತನಾಲ್ಕು ಗಂಟೆ ಹಾಕಿಕೊಳ್ಳಿ ಎಂದಿದ್ದರು. ಹಾಕಿಕೊಂಡೆ. ಕಲ್ಲಿನ ಮುಂದೆ ನಿಲ್ಲುವಾಗ ಮಾತ್ರ ಬಿಚ್ಚಿಡುತ್ತಿದ್ದೆ. ಅದನ್ನು ಕಟ್ಟಿಕೊಂಡು ದೋಸೆ ಹಾಕಲು ಆಗುವುದಿಲ್ಲ. ಹಿಟ್ಟು ಮೆತ್ತುತ್ತದೆ, ಎಣ್ಣೆ ಹಿಡಿಯುತ್ತದೆ. ಬಿಚ್ಚಿ ಶರಟಿನ ಮೊಳೆಗೇ ತೂಗುಹಾಕಿ, ಮುನ್ನೂರು ದೋಸೆ ಹಾಕಿ, ಕೈ ತೊಳೆದು ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ದೋಸೆ ಹಾಕುವುದು ಕೈಗೆ ಒಂದು ಕೆಲಸ ಎಂದೇ ನನಗೆ ತೋಚಲಿಲ್ಲ. ಹದಿನೇಳನೆಯ ವಯಸ್ಸಿನಿಂದ ಮಾಡಿದ್ದು. ಉಸಿರಾಡಿದರೆ ಕೈ ನೋಯುತ್ತದೆಯೇ?

ಎರಡು ತಿಂಗಳಾಯಿತು. ಕಬ್ಬಿಣ ಮುಟ್ಟಿರಲಿಲ್ಲ. ನೋವು ದುಪ್ಪಟ್ಟಾಯಿತು.

ಲುಂಗಿ ಕಟ್ಟಲಾಗದು. ಸ್ನಾನಕ್ಕೆ ಚೊಂಬು ಎತ್ತಲಾಗದು. ಬೀಗದ ಕೈ ತಿರುಗಿಸಿದರೆ ಕಣ್ಣಲ್ಲಿ ನೀರು. ಮಣಿಕಟ್ಟಿನ ಬದಿಯಲ್ಲಿ ನೆಲಗಡಲೆಯಷ್ಟು ಗಂಟು ಎದ್ದಿತು, ಮುಟ್ಟಿದರೆ ಒಳಗೆ ಕರಕರ ಎನ್ನುತ್ತಿತ್ತು. ಜಿಮ್ ಬಿಟ್ಟದ್ದಕ್ಕೆ ಶುಗರ್ ಮತ್ತೆ ಹತ್ತಿತು, ನಿಂತ ಮಾತ್ರೆ ವಾಪಸ್ ಬಂತು. ಗಿರಾಕಿಗಳ ಮೇಲೆ ರೇಗಿದೆ. ಎರಡನೇ ಚಟ್ನಿ ಕೇಳಿದವರನ್ನು ದಿಟ್ಟಿಸಿ ನೋಡಿದೆ. ಬಂದವರೆಲ್ಲ ಒಂದೊಂದು ಎಣ್ಣೆಯ ಹೆಸರು ಹೇಳಿದರು. ಅವರ ಎಣ್ಣೆಯಲ್ಲಿ ಅವರನ್ನೇ ಕರಿಯಬೇಕು ಅನ್ನಿಸುತ್ತಿತ್ತು. ನಿಜವಾಗಿ ನನಗೆ ಇದ್ದದ್ದು ಹೆದರಿಕೆ. ಇನ್ನು ಆ ಬಾರ್ ಹಿಡಿಯುವ ದಿನ ನನ್ನ ಬಾಳಿನಲ್ಲಿ ಬರುವುದಿಲ್ಲ ಎಂಬ ಹೆದರಿಕೆ. ಅದನ್ನು ಯಾರ ಹತ್ತಿರ ಹೇಳುವುದು? ಬಿಟ್ಟದ್ದೇ ಒಳ್ಳೆಯದಾಯಿತು ಎನ್ನುವವರೇ ಸುತ್ತ ತುಂಬಿದ್ದರು.

ಪೋರೂರಿನಲ್ಲಿ ಕೈಗೇ ಬೇರೆ ಡಾಕ್ಟರು ಇದ್ದಾರೆ ಎಂದು ಶ್ರಾವ್ಯ ಹುಡುಕಿದಳು. ಪ್ಲಸ್ ಟೂ ಓದುವ ಹುಡುಗಿ, ಶನಿವಾರ ಕ್ಲಾಸ್ ತಪ್ಪಿಸಿ ಜೊತೆಗೆ ಬಂದಳು. ನಾನು ಬಿಳಿ ಶರಟು ತೊಟ್ಟಿದ್ದೆ. ಇಲ್ಲೂ ಫಾರ್ಮ್. ಇಲ್ಲೂ ಬಿಸಿನೆಸ್.

ಈ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಗ್ಗಿಸಿದರು.

ನಾನು ಕೂಗಿದ್ದು ಹೊರಗಿನ ಬೆಂಚಿನವರಿಗೂ ಕೇಳಿಸಿತು.

ಸ್ಕ್ಯಾನ್ ಮಾಡಿಸಿದರು. ಕೊಳವೆಯ ಗೋಡೆ ದಪ್ಪವಾಗಿದೆ, ಸುತ್ತ ನೀರು ತುಂಬಿದೆ ಎಂದರು. ಒಂದು ಇಂಜೆಕ್ಷನ್ ಕೊಟ್ಟು ನೋಡೋಣ, ಅದಕ್ಕೂ ಬಗ್ಗದಿದ್ದರೆ ಆಪರೇಷನ್ ಎಂದರು. ಆಮೇಲೆ ತಮಿಳಿನಲ್ಲಿ ಕೇಳಿದರು, "ಜಿಮ್ ಬಿಟ್ಟು ಎರಡು ತಿಂಗಳಾದರೂ ಇಷ್ಟು ಹೇಗೆ ಹೆಚ್ಚಾಯಿತು? ಕೈಯಲ್ಲಿ ಬೇರೆ ಏನು ಕೆಲಸ ಮಾಡುತ್ತೀರಿ?"

"ಏನಿಲ್ಲ ಡಾಕ್ಟರ್. ಹೋಟೆಲ್ ಬಿಸಿನೆಸ್. ಕೂತು ನೋಡಿಕೊಳ್ಳುವುದು."

"ಪೊಯ್ ಡಾಕ್ಟರ್!" ಸುಳ್ಳು ಎಂದು ಶ್ರಾವ್ಯ ನಡುವೆ ಬಾಯಿ ಹಾಕಿದಳು. "ಅಪ್ಪಾ ದಾನ್ ದಿನಮುಂ ಮುನ್ನೂರು ದೋಸೈ ಊತ್ತುರಾರು."

ದಿನಾ ಮುನ್ನೂರು ದೋಸೆ ಹಾಕುವುದು ಅಪ್ಪನೇ. ನನ್ನ ಮಗಳು, ನನ್ನೆದುರೇ, ಡಾಕ್ಟರಿಗೆ ಹೇಳಿದ್ದು.

ಡಾಕ್ಟರು ಫಾರ್ಮ್ ನೋಡಿದರು, ಶರಟು ನೋಡಿದರು. ಮೇಜಿನ ಮೇಲಿದ್ದ ಉಕ್ಕಿನ ಸ್ಕೇಲ್ ನನ್ನ ಕೈಗೆ ಕೊಟ್ಟು ದೋಸೆ ಎಬ್ಬಿಸಿ ತೋರಿಸಿ ಎಂದರು. ಕೈ ತಾನಾಗಿ ಹಿಡಿಯಿತು. ಹೆಬ್ಬೆರಳು ಸ್ಕೇಲಿನ ಬೆನ್ನ ಮೇಲೆ ಒತ್ತಿ ನಿಂತಿತು, ಮಣಿಕಟ್ಟು ಕಿರುಬೆರಳಿನ ಕಡೆ ಬಗ್ಗಿ ಮೇಜನ್ನು ಕೆರೆಯಿತು. ಸ್ವಲ್ಪ ಮುಂಚೆ ಅವರು ನನ್ನನ್ನು ಕೂಗಿಸಿದ ಅದೇ ಬಾಗು.

"ಇದನ್ನು ಮುನ್ನೂರು ಸಲ," ಎಂದರು ಡಾಕ್ಟರು. "ನಿಮಗೆ ತೊಂದರೆ ಜಿಮ್‌ನಿಂದ ಶುರುವಾಯಿತೋ ಏನೋ ನನಗೆ ಗೊತ್ತಿಲ್ಲ. ಈ ಎರಡು ತಿಂಗಳು ಅದಕ್ಕೆ ಅನ್ನ ಹಾಕಿ ಸಾಕಿದ್ದು ಇದು. ಮೊದಲೇ ಹೇಳಬೇಕಿತ್ತು."

ಇಂಜೆಕ್ಷನ್ ಚುಚ್ಚಿದರು. ಔಷಧಿ ಒಳಗೆ ಇಳಿಯುವಾಗ ಮೊಣಕೈವರೆಗೆ ಸಿಡಿಯಿತು. ಸ್ಟೀರಾಯ್ಡ್, ಕೆಲವು ದಿನ ಶುಗರ್ ಏರುತ್ತದೆ, ದಿನಾ ಪರೀಕ್ಷಿಸಿ ಎಂದರು. ಆರು ವಾರ ಸ್ಪ್ಲಿಂಟ್, ಆರು ವಾರ ದೋಸೆ ಕಲ್ಲಿನ ಹತ್ತಿರ ಸುಳಿಯಬಾರದು. ಆಮೇಲೆ ನೋವಿಲ್ಲದಿದ್ದರೆ ಜಿಮ್‌ಗೆ ನಿಧಾನವಾಗಿ ಹೋಗಬಹುದು. ಕೊನೆಯ ಮಾತು ನನಗೆ ಸರಿಯಾಗಿ ಕೇಳಿಸಿತೇ ಎಂದು ಎರಡು ಸಲ ಕೇಳಿದೆ.

ಆದರೂ ಆಟೋದಲ್ಲಿ ಕೂತದ್ದೇ ಮಗಳ ಮೇಲೆ ಹರಿಹಾಯ್ದೆ. ಮರ್ಯಾದೆ ತೆಗೆದೆ, ಯಾರು ನಿನ್ನನ್ನು ಕೇಳಿದ್ದು, ಅಜ್ಜ ಇದ್ದಿದ್ದರೆ ಕೆನ್ನೆಗೆ ಕೊಡುತ್ತಿದ್ದ. ಪೋರೂರ್ ಜಂಕ್ಷನ್‌ನಲ್ಲಿ ಆಟೋ ನಿಂತೇ ಇತ್ತು, ನಾನೂ ನಿಲ್ಲಿಸಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಮನೆಯಲ್ಲಿ ನಾವು ಕನ್ನಡದಲ್ಲಿ ಏನೇ ಕೇಳಲಿ, ಶ್ರಾವ್ಯ ಉತ್ತರ ಕೊಡುವುದು ತಮಿಳಿನಲ್ಲಿ. ಆವತ್ತು ರಸ್ತೆಯ ಕಡೆ ಮುಖ ಮಾಡಿದ್ದಳು. ಗಿಂಡಿ ದಾಟಿದ ಮೇಲೆ ತಿರುಗಿದಳು.

"ಅಪ್ಪ, ನೀವ್ ದೋಸೆ ಹಾಕೂದ್ ನಂಗೆ ನಾಚ್ಕೆ ಇಲ್ಲ. ನಿಮ್ಗೆ ಎಂತಕೆ?"

ಕನ್ನಡದಲ್ಲಿ.

ಶಾಲೆಯಲ್ಲಿ ಗೆಳತಿಯರಿಗೆಲ್ಲ ಅವಳು ಹೇಳಿದ್ದಾಳಂತೆ. ಅವರು ಬಂದು ತಿಂದೂ ಹೋಗಿದ್ದಾರಂತೆ, ನನ್ನನ್ನು ಕಲ್ಲಿನ ಮುಂದೆ ನೋಡಿಯೂ ಇದ್ದಾರಂತೆ. ನನಗೆ ಗೊತ್ತೇ ಇಲ್ಲ. ನಾನು ತಲೆ ತಗ್ಗಿಸಿ ಕಲ್ಲು ನೋಡುತ್ತಿದ್ದೆನಲ್ಲ. ಸಿಟ್ಟು ಹೋಗಿರಲಿಲ್ಲ, ಯಾರ ಮೇಲೆ ಬಿಡಬೇಕು ಎಂದು ತಿಳಿಯಲಿಲ್ಲ.

ಭಾನುವಾರ "ದೋಸೆ ಇಲ್ಲ" ಎಂದು ಬೋರ್ಡ್ ಬರೆಸಿದೆ. ಸೋಮವಾರವೂ. ಜನ ಬಂದು, ಓದಿ, ಮುಖ ಗಂಟಿಕ್ಕಿ ಎದುರು ಬೀದಿಗೆ ಹೋದರು. ಇಪ್ಪತ್ತು ವರ್ಷದಿಂದ ದಿನಾ ಏಳೂಕಾಲಕ್ಕೆ ಬಂದು ಕಿಟಕಿ ಪಕ್ಕ ಕೂರುವ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಅವರು ಇಡ್ಲಿ ತಿಂದು, ದುಡ್ಡು ಕೊಟ್ಟು, ಏನೂ ಹೇಳದೆ ಹೋದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಜಲಜ ಹೋಟೆಲಿಗೆ ಬಂದಳು. ಕೂದಲು ಎತ್ತಿ ಕಟ್ಟಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ನೇರ ಹೋಗಿ ಕಲ್ಲಿನ ಉರಿ ಹಚ್ಚಿದಳು.

"ಎಂತ ಮಾಡ್ತಿದ್ದೆ?"

"ಕಾಂತಿಲ್ಯಾ?" ಕಾಣುವುದಿಲ್ಲವೇ ಎಂದು ನನ್ನನ್ನೇ ಕೇಳಿದಳು.

"ಹೆಂಗ್ಸರ್ ಕಲ್ಲಿನ್ ಮುಂದೆ ನಿಂತ್ರೆ ಜನ ಎಂತ ಹೇಳ್ತ್ರ್? ಹೋಟ್ಲ್ ಮುಳುಗ್ತ್ ಅಂಬ್ರ್."

"ಬೋರ್ಡ್ ಕಂಡ್ ಜನ ಆಗ್ಳೇ ಹಾಂಗೆ ಅಂದಾಯ್ತ್. ಇಪ್ಪತ್ತ್ ವರ್ಷ ಮನಿಯಂಗೆ ನಿಮ್ಗೆ ದೋಸೆ ಹಾಕ್ದದ್ದ್ ಯಾರ್? ಅದನ್ನ್ ತಿಂಬುಕ್ ನಾಚ್ಕೆ ಇರ್ಲಿಲ್ಯಲೆ? ಕಲ್ಲ್ ಕಾದಿತ್ತ್, ಆಚಿಗ್ ಹೋಯ್ನಿ."

ನಾನು ಆಚೆಗೆ ಹೋದೆ. ಬೇರೆ ದಾರಿ ಇರಲಿಲ್ಲ.

ಗಲ್ಲಾದ ಮೇಲೆ ಕೂತು ಅವಳ ಕೈಯನ್ನೇ ನೋಡಿದೆ. ಮೊದಲ ಹತ್ತು ದೋಸೆ ದಪ್ಪ, ಒಂದು ಹರಿಯಿತು. ನನಗೆ ಒಳಗೊಳಗೆ ಹಿತವಾಯಿತು, ಸುಳ್ಳೇಕೆ ಹೇಳಲಿ. ಹನ್ನೊಂದರಿಂದ ಕಲ್ಲು ಅವಳ ಮಾತು ಕೇಳತೊಡಗಿತು. ಅವಳು ಸಟ್ಟುಗವನ್ನು ಇಡೀ ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಹೆಬ್ಬೆರಳು ಬೆನ್ನ ಮೇಲೆ ಹೋಗುವುದೇ ಇಲ್ಲ. ಕೆರೆಯುವುದು ಮಣಿಕಟ್ಟಿನಿಂದ ಅಲ್ಲ, ಭುಜದಿಂದ. ನೂರು ಹಾಕಿದ ಮೇಲೆ ಸಟ್ಟುಗ ಎಡಗೈಗೆ ಹೋಯಿತು. ಮನೆಯಲ್ಲಿ ಒಂದು ಕೈಯಲ್ಲಿ ದೋಸೆ, ಇನ್ನೊಂದರಲ್ಲಿ ಮಗು, ಹಾಗೆ ಕಲಿತದ್ದು ಎಂದು ಆಮೇಲೆ ಹೇಳಿದಳು. ಅಪ್ಪ ನನಗೆ ಕಲಿಸಿದ್ದು ಒಂದೇ ಹಿಡಿತ. ಅದನ್ನು ಇಪ್ಪತ್ತೊಂಬತ್ತು ವರ್ಷ ಬದಲಿಸದೆ ಹಿಡಿದೆ. ಅದೇ ದೊಡ್ಡ ಸಾಧನೆ ಎಂದುಕೊಂಡಿದ್ದೆ.

ಏಳೂಕಾಲಕ್ಕೆ ಮೇಷ್ಟ್ರು ಬಂದರು. ಒಂದು ದೋಸೆ ತಿಂದರು. ಇನ್ನೊಂದು ಹೇಳಿದರು. ಇಪ್ಪತ್ತು ವರ್ಷದಲ್ಲಿ ಅವರು ಎರಡನೇ ದೋಸೆ ಹೇಳಿದ್ದು ಅದೇ ಮೊದಲು.

ಹೊಟ್ಟೆ ಉರಿಯಿತು. ಹೌದು, ಸ್ವಂತ ಹೆಂಡತಿಯ ಮೇಲೆ. ಆ ದಿನ ಇಂಜೆಕ್ಷನ್ನಿನಿಂದ ಶುಗರ್ ಇನ್ನೂರ ಎಂಬತ್ತಕ್ಕೆ ಹೋಗಿತ್ತು, ಎಲ್ಲ ಸಿಟ್ಟನ್ನೂ ಅದರ ತಲೆಗೆ ಕಟ್ಟಿದೆ.

ಆರು ವಾರ. ದಿನಗಳು ಬಹಳ ಉದ್ದ ಇದ್ದವು. ಕಲ್ಲಿಲ್ಲ, ಕಬ್ಬಿಣವಿಲ್ಲ. ಬೆಳಿಗ್ಗೆ ಗಲ್ಲಾ, ಮಧ್ಯಾಹ್ನ ಕಡಲ ದಂಡೆಯವರೆಗೆ ನಡಿಗೆ. ಶುಗರ್ ಮೂರನೆಯ ವಾರಕ್ಕೆ ಇಳಿಯಿತು. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಲುಂಗಿ ಕಟ್ಟಿಕೊಂಡು ಅರ್ಧ ದಾರಿ ಬಂದ ಮೇಲೆ ನೆನಪಾಯಿತು, ನೋಯಲಿಲ್ಲ ಎಂದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕಣ್ಣು ತಾಗುತ್ತದೆ ಎಂಬ ಹೆದರಿಕೆ.

ಏಳನೆಯ ವಾರ ಜಿಮ್‌ಗೆ ಹೋದೆ. ದಿನೇಶ್ ಬಾಗಿಲಲ್ಲೇ ತಡೆದ. ಕೋಪ ಇಟ್ಟುಕೊಂಡಿರಬಹುದು ಎಂದುಕೊಂಡೆ. ಇಟ್ಟುಕೊಂಡಿರಲಿಲ್ಲ. "ಅಣ್ಣಾ, ಎಂಪ್ಟಿ ಬಾರ್ ಮಟ್ಟುಂ," ಎಂದ. ಬರೀ ಬಾರ್ ಅಷ್ಟೇ. ಕೈಗೆ ಕ್ಯಾನ್ವಾಸ್ ಪಟ್ಟಿ ಸುತ್ತಿದ, ಹೆಬ್ಬೆರಳಿಗೆ ಭಾರ ಬೀಳದ ಹಾಗೆ. ಇಪ್ಪತ್ತು ಕಿಲೋ. ನೂರ ಮೂವತ್ತು ಎತ್ತುತ್ತಿದ್ದವನು ಇಪ್ಪತ್ತರ ಮುಂದೆ ಬಗ್ಗಿ, ಉಸಿರು ಬಿಗಿಹಿಡಿದು ನಿಂತೆ. ಎದ್ದೆ.

ಏನೂ ಆಗಲಿಲ್ಲ.

ಕೆಳಗಿಟ್ಟೆ. ಮತ್ತೆ ಎದ್ದೆ. ಐದು ಸಲ. ಆಮೇಲೆ ಮುಖ ತೊಳೆಯುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಈಗ ಅರವತ್ತು ಕಿಲೋಗೆ ಬಂದಿದ್ದೇನೆ. ನೂರ ಮೂವತ್ತು ಮತ್ತೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಮಳೆ ಹಿಡಿದ ದಿನ ಮಣಿಕಟ್ಟು ಗುಯ್ ಎನ್ನುತ್ತದೆ. ಮರಳಿ ಬಂದರೆ ಆಪರೇಷನ್ ಎಂದು ಡಾಕ್ಟರು ಹೇಳಿಯೇ ಇದ್ದಾರೆ. ಕಲ್ಲಿಗೆ ವಾರದಲ್ಲಿ ಎರಡು ದಿನ ಹೋಗುತ್ತೇನೆ, ಮುಷ್ಟಿಯಲ್ಲಿ ಸಟ್ಟುಗ ಹಿಡಿದು, ಜಲಜ ಕಲಿಸಿದ ಹಾಗೆ. ಅವಳು ಕಲಿಸುವಾಗ ನನ್ನನ್ನು ಬೈದಷ್ಟು ಅಪ್ಪ ಕೂಡ ಬೈದಿರಲಿಲ್ಲ.

ಮೊನ್ನೆ ಪೋರೂರಿಗೆ ಪರೀಕ್ಷೆಗೆ ಹೋದೆ. ಒಬ್ಬನೇ. ಬಿಳಿ ಶರಟು ಮೊಳೆಯಲ್ಲೇ ಇತ್ತು, ಹಾಕಿಕೊಳ್ಳಲು ನೆನಪಾಗಲಿಲ್ಲ, ಹಿಟ್ಟಿನ ಕಲೆಯ ಟೀ ಶರ್ಟಿನಲ್ಲೇ ಬಸ್ಸು ಹತ್ತಿದ್ದೆ. ಹಳೆಯ ಫೈಲ್ ಸಿಗುತ್ತಿಲ್ಲ, ಹೊಸ ಫಾರ್ಮ್ ತುಂಬಿ ಎಂದು ಕೌಂಟರಿನ ಹೆಂಗಸು ಕಾಗದ ನೂಕಿದಳು. ಜಗಳಕ್ಕೆ ಬಾಯಿ ತೆರೆದೆ. ಮುಚ್ಚಿದೆ. ಹೆಸರು, ವಯಸ್ಸು, ವಿಳಾಸ ಬರೆದೆ. ಪೆನ್ನು ನೋಯಿಸಲಿಲ್ಲ. ಉದ್ಯೋಗದ ಹತ್ತಿರ ಸ್ವಲ್ಪ ಹೊತ್ತು ನಿಂತೆ, ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ದೋಸೆ ಮಾಸ್ಟರ್ ಎಂದು ಬರೆದು ಕೊಟ್ಟೆ.

ಅವಳು ಓದಿ ತಲೆಯೆತ್ತಿದಳು. "ದೋಸೈ ಮಾಸ್ಟರಾ ಸಾರ್? ಎಂದ ಹೋಟೆಲ್?"

ಯಾವ ಹೋಟೆಲ್ ಎಂದು ಕೇಳಿದ್ದಕ್ಕೆ, ಮೈಲಾಪೂರ್‌ನಲ್ಲಿ ಎಲ್ಲಿ ಎಂದು ಹೇಳಿದೆ. ಬರುವ ಶುಕ್ರವಾರ ಆ ಕಡೆ ಕೆಲಸವಿದೆ, ಬರುತ್ತೇನೆ ಎಂದಳು.

"ಶುಕ್ರವಾರ ಬೇಡಮ್ಮ," ಎಂದೆ. "ಅವತ್ತು ನಾನು ಹಾಕುವುದು. ಶನಿವಾರ ಬನ್ನಿ. ನನ್ನ ಹೆಂಡತಿ ಹಾಕುತ್ತಾಳೆ."